ಅಂಬವ್ವನ ಚರಗಕ್ಕೊಂದಿಷ್ಟು ನೆಲ

ಹೈದರಾಬಾದಿನ ಉಪ್ಪಲ್‌ನ ನಮ್ಮ ಬಸ್ತಿಯಲ್ಲಿ ಮಳೆ ಬಂತೆಂದರೆ ಜಗಳವೂ ಬಂತು. ಅಂಗಳದ ಕೆಸರು ಕಾಲಿಗೆ, ಕಾಲಿನ ಕೆಸರು ಒಳಮನೆಗೆ. ಒರೆಸಿದವರೇ ಮತ್ತೆ ಒರೆಸಬೇಕು. ಬೇಸಿಗೆ ಬಂದರೆ ಬೋರಿನಲ್ಲಿ ಬರೀ ಗಾಳಿ, ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಮಳೆಗೂ ಬೈಯುತ್ತೇವೆ, ಬಿಸಿಲಿಗೂ ಬೈಯುತ್ತೇವೆ. ನಮ್ಮ ನಾಲಿಗೆಗೆ ಮಾತ್ರ ಯಾವ ಕಾಲಕ್ಕೂ ರಜೆ ಇಲ್ಲ.

ಕೊನೆಗೆ ಸಾಲುಮನೆಗಳ ಮಾಲೀಕರು ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸುತ್ತೇನೆ ಎಂದರು. ಕೆಲಸ ಸಿಕ್ಕಿದ್ದು ಅಲ್ಲೇ ಬಾಡಿಗೆಗಿರುವ ಮಲ್ಲಣ್ಣನಿಗೆ. ಯಾದಗಿರಿ ಕಡೆಯವನು, ಗಾರೆ ಕೆಲಸದಲ್ಲಿ ಪಳಗಿದ ಗೌಂಡಿ. ಪಕ್ಕದ ಮನೆಯ ಹುಸೇನಮ್ಮನಿಗಂತೂ ಸ್ವರ್ಗ ಮೂರೇ ಗೇಣು. ಮಲ್ಲಣ್ಣನ ಹೆಂಡತಿ ಅಂಬವ್ವ ಮಾತ್ರ ಮುಖ ಸಣ್ಣದು ಮಾಡಿಕೊಂಡಳು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು.

ಎಳ್ಳ ಅಮಾವಾಸ್ಯೆ ನಮ್ಮ ಕಡೆ ಹೊಲಕ್ಕೆ ಹೋಗುವ ಹಬ್ಬ. ಭೂತಾಯಿ ಬಸುರಿ ಎಂದು ಅವಳಿಗೆ ಬಯಕೆಯ ಊಟ. ಸಜ್ಜೆ ಕಡುಬು, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ರೊಟ್ಟಿ ಎಲ್ಲ ಕಲಸಿ ನೆಲಕ್ಕೆ ಚೆಲ್ಲುವುದೇ ಚರಗ. ಅಂಬವ್ವನ ತವರಿಗೆ ಸ್ವಂತ ಹೊಲವಿರಲಿಲ್ಲ. ಆದರೆ ಆ ದಿನ ಹೊಲ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಕರೆದವರ ಹೊಲದಲ್ಲಿ ಕುಳಿತು ಉಂಡು, ಹಸಿ ಕಡಲೆ ಕಿತ್ತು ತಿಂದು, ಹೊತ್ತು ಮುಳುಗುವಾಗ ಮನೆಗೆ ಬರುವುದು. ಅದನ್ನು ನೆನೆದರೆ ಅವಳಿಗೆ ಈಗಲೂ ಕರುಳು ಜಗ್ಗುತ್ತದೆ.

ಇಂದೋ ನಾಳೆಯೋ ಸಿಮೆಂಟ್ ಬೀಳುವ ಅಂಗಳ ಬೇಡವೆಂದು, ಹಬ್ಬದ ದಿನ ತಾಟು ತುಂಬಿಕೊಂಡು ನೆಲ ಹುಡುಕಲು ಹೊರಟಳು. ಪಾರ್ಕಿನಲ್ಲಿ ಕಾಲಿಟ್ಟಲ್ಲೆಲ್ಲ ಟೈಲ್ಸ್. ಹುಲ್ಲಿನ ಹತ್ತಿರ ಹೋದರೆ, ಇಲ್ಲಿ ಕಸ ಹಾಕಬೇಡ ಎಂದು ವಾಚ್‌ಮನ್ ತೆಲುಗಿನಲ್ಲಿ ಗದರಿದ. ಕೆರೆಯ ದಂಡೆಗೆ ಹೋದಳು. ಅಲ್ಲಿ ಪ್ಲಾಸ್ಟಿಕ್ಕು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬಸುರಿಗೆ ಇಂಥಲ್ಲಿ ಹೇಗೆ ಬಡಿಸುವುದು? ತುಂಬಿದ ತಾಟಿನೊಂದಿಗೇ ತಿರುಗಿ ಬಂದಳು.

ಮಲ್ಲಣ್ಣ ಅಮಾವಾಸ್ಯೆ ಎಂದು ಸೈಟಿಗೆ ರಜೆ ಹಾಕಿದ್ದ. ರಜೆ ಹಾಕಿ ಮಾಡಿದ್ದೇನು? ಅಂಗಳದ ಒಂದು ಬದಿಗೆ ಆಗಲೇ ಕಾಂಕ್ರೀಟ್ ಹಾಕಿ ಮುಗಿಸಿದ್ದ. ಬೇವಿನ ಮರದ ಸುತ್ತ ಒಂದಿಷ್ಟು ಮಣ್ಣು ಉಳಿದಿತ್ತು. ಅಂಬವ್ವ ಅಲ್ಲೇ ಚರಗ ಚೆಲ್ಲಿದಳು.

“ಚೆಲ್ಲು, ಚೆಲ್ಲು. ನಾಳಿ ಅದರ ಮ್ಯಾಲೇ ಸಿಮೆಂಟ್ ಮಾಲು ಬೀಳತೈತಿ” ಎಂದ ಮಲ್ಲಣ್ಣ.

ಅಂಬವ್ವ ಮರದ ಬುಡದಲ್ಲಿ ಕುಳಿತು ಅತ್ತುಬಿಟ್ಟಳು. ಹಬ್ಬದ ಊಟಕ್ಕೆ ಬಂದ ಶಾಮಲಾ ಇದನ್ನು ನೋಡಿದಳು. ಶಾಮಲಾ ನಮ್ಮ ಮಹಿಳಾ ಸಂಘದ ಮುಂದಾಳು. ಮಳೆನೀರು ಇಂಗಿಸುವ ತರಬೇತಿಗೆ ಹೋಗಿ ಬಂದವಳು.

“ನೋಡ್ರಿ ಅಕ್ಕಾರ, ಊರಾಗ ರಾಡಿ ತುಳದು ಸಾಕಾಗಿ ಇಲ್ಲಿಗಿ ಬಂದೀವಿ. ಈಕಿಗಿ ಇಲ್ಲೂ ಮಣ್ಣೇ ಬೇಕಂತ” ಎಂದ ಮಲ್ಲಣ್ಣ.

“ಇರಲಿ ಮಲ್ಲಣ್ಣಾ, ಒಂದ್ ಮಾತ್ ಹೇಳ್ರಿ. ಸ್ಲ್ಯಾಬ್ ಹಾಕಿದ ಮ್ಯಾಲ ನೀವು ಏನ್ ನೋಡ್ತೀರಿ?”

“ಮ್ಯಾಲ ನೀರು ಕಟ್ಟಿ ನಿಲ್ಲಸ್ತೀನ್ರಿ. ಒಂದ್ ಹನಿ ಕೆಳಗ ಇಳಿಬಾರದು. ನನ್ನ ಸ್ಲ್ಯಾಬಿನಾಗ ಇಲ್ಲೀತನಕ ಇಳದಿಲ್ಲ.”

“ಹಂಗಾರ ಅಂಗಳಕ್ಕ ಹಾಕಿದ್ರಾಗೂ ಇಳಿಯಂಗಿಲ್ಲ. ಮತ್ತ ಬೋರಿಗಿ ನೀರು ಎಲ್ಲಿಂದ ಬರಬೇಕು?”

ಮಲ್ಲಣ್ಣ ಸಲಿಕೆ ಊರಿ ನಿಂತ. ಸೋಲುವ ಜಾತಿಯವನಲ್ಲ. “ಇಡೀ ಹೈದ್ರಾಬಾದ್ ಸಿಮೆಂಟ್ ಆಗೈತ್ರಿ. ಇದೊಂದು ಅಂಗಳ ಬಿಟ್ರ ಏನ್ ಆಗತೈತಿ?”

“ಇಡೀ ಹೈದ್ರಾಬಾದ್ ಒಮ್ಮಿಗೇ ಸಿಮೆಂಟ್ ಆತೇನ್ರಿ? ಹಿಂಗ ಒಂದೊಂದ ಅಂಗಳ ಆಗೇ ಆಗೈತಿ. ಒಂದ ಮಳಿಗಿ ಬೋರು ತುಂಬತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ. ಆದ್ರ ನೆಲ ಹಸಿ ಹಿಡಿತೈತಿ, ಓಣ್ಯಾಗ ನೀರ್ ನುಗ್ಗೂದು ಕಮ್ಮಿ ಆಗತೈತಿ. ಈ ಬೇವಿನ ಬುಡಕ್ಕ ಸಿಮೆಂಟ್ ಬಿಗದ್ರ ಮರಾ ಒಣಗತೈತಿ. ಆಮ್ಯಾಲ ಬ್ಯಾಸಿಗ್ಯಾಗ ನೆಳ್ಳಿಗಿ ಎಲ್ಲಿಗಿ ಹೋಗ್ತೀರಿ?”

“ಅದೆಲ್ಲಾ ಖರೇರಿ” ಎಂದಳು ಹುಸೇನಮ್ಮ ಬಾಗಿಲಲ್ಲಿ ನಿಂತು. “ರಾಡಿ ಬಳಿಯಾಕಿ ನಾನಲ್ಲ?”

“ರಾಡಿ ಆಗಲಾರದಂಗ ಮಣ್ಣು ಉಳಸೂದು ಗೌಂಡಿ ಕೈಯಾಗೈತಿ” ಎಂದಳು ಶಾಮಲಾ.

ಆಗ ಅಂಬವ್ವ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. “ಊರಿಗಿ ಹೋಗೂಣು ಅಂತ ನಾ ಒಮ್ಮಿಯರ ಕೇಳೀನೇನ್ರಿ? ಕೇಳಂಗಿಲ್ಲ. ಇಲ್ಲೇ ದುಡಿಯೂಣು, ಇಲ್ಲೇ ಇರೂಣು. ಆದ್ರ ಮುಂಜಾನಿಂದ ಸಂಜೀತನಕ ಕಾಲಾಗ ಬರೇ ಸಿಮೆಂಟು. ಒಂದಿಷ್ಟು ಮಣ್ಣಿನ ಮ್ಯಾಲ ನಿಂದ್ರಬೇಕು ಅಂತ ಭಾಳ ಅನ್ನಸತೈತಿ ನನಗ. ನಮಗ ಉಣ್ಣಾಕ ಕೊಟ್ಟಾಕಿ ಭೂತಾಯಿ. ಅಕಿ ಮಾರಿ ಮ್ಯಾಲ ನಿಮ್ಮ ಕೈಯಿಂದನ ಸ್ಲ್ಯಾಬ್ ಹಾಕಬ್ಯಾಡ್ರಿ.”

ಮಲ್ಲಣ್ಣ ಸಲಿಕೆ ಗೋಡೆಗೆ ಒರಗಿಸಿ, “ಎಲ್ಲಿ, ಒಂದ್ ಕಡಬು ಕೊಡು” ಎಂದ. ಹೆಂಡತಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು ತಿಂದ.

ಮರುದಿನ ಮಾಲೀಕರ ಹತ್ತಿರ ಅವನೇ ಹೋದ. ಅವರು ಮೊದಲು ಗೊಣಗಿದರು. ಮರ ಒಣಗಿದರೆ ಬೇಸಿಗೆಯಲ್ಲಿ ಅವರಿರುವ ಮಹಡಿಯ ಮನೆ ಹಂಚಿನಂತೆ ಕಾಯುತ್ತದೆ ಎಂದಾಗ ಒಪ್ಪಿದರು. ಮಲ್ಲಣ್ಣ ಬಂದವನೇ ತಾನು ಹಾಕಿದ ಕಾಂಕ್ರೀಟನ್ನು ತಾನೇ ಒಡೆದ. ಗೌಂಡಿಗೆ ಅದು ಸುಲಭದ ಕೆಲಸವಲ್ಲ. ಓಡಾಡುವ ದಾರಿಗೆ ಶಹಾಬಾದ್ ಕಲ್ಲು ಹಾಸಿ, ಕಲ್ಲು ಕಲ್ಲಿನ ನಡುವೆ ನೀರಿಳಿಯಲು ಸಂದು ಬಿಟ್ಟ. ಛಾವಣಿಯ ನೀರು ಬೀಳುವ ಕಡೆ, ಗೋಡೆಯ ಬುನಾದಿಯಿಂದ ದೂರಕ್ಕೆ ಗುಂಡಿ ತೋಡಿ ಇಟ್ಟಿಗೆ ಚೂರು, ಕಂಕರು ಜಲ್ಲಿ, ಮೇಲೆ ಮರಳು ತುಂಬಿದ. ಬಚ್ಚಲ ನೀರು ಇದಕ್ಕೆ ಬಿಡಬಾರದು, ಬರೀ ಮಳೆನೀರು ಎಂದು ಎಲ್ಲರಿಗೂ ತಾಕೀತು ಮಾಡಿದ.

ಮಳೆಗಾಲದ ಮೊದಲ ಮಳೆ ಸಂಜೆ ಜೋರಾಗಿಯೇ ಬಂತು. ಹುಸೇನಮ್ಮ ಕಲ್ಲಿನ ಮೇಲೆ ಹೆಜ್ಜೆಯಿಟ್ಟು, ಕಾಲಿಗೆ ಕೆಸರಾಗದೆ ಮನೆ ಸೇರಿದಳು. ಅಂಬವ್ವ ಮಾತ್ರ ಕಲ್ಲು ಬಿಟ್ಟು ಮಣ್ಣಿಗಿಳಿದು, ಬರಿಗಾಲಲ್ಲಿ ನೆನೆಯುತ್ತ ನಿಂತಳು.

“ನೆಗಡಿ ಆಗತೈತಿ, ಒಳಗ ಬಾ” ಎಂದು ಮಲ್ಲಣ್ಣ ಬಾಗಿಲಿನಿಂದ ಕರೆದ.

“ನೀವ ಹೊರಗ ಬರ್ರಿ” ಎಂದಳು.

ಮಲ್ಲಣ್ಣ ಚಪ್ಪಲಿ ಬಿಟ್ಟು ಹೋದ.

ಅಕ್ಕಂದಿರೇ, ಅಣ್ಣಂದಿರೇ, ನಾವು ಊರು ಬಿಟ್ಟು ಬಂದಿದ್ದೇವೆ. ನೆಲ ಬಿಟ್ಟು ಬದುಕಲು ಯಾರಿಂದಲೂ ಆಗದು. ನಿಮ್ಮ ಅಂಗಳಕ್ಕೆ ಸಿಮೆಂಟ್ ಬರುವ ಮುಂಚೆ ಗೌಂಡಿಯನ್ನೂ ಮಾಲೀಕರನ್ನೂ ಕೂಡಿಸಿ ಮಾತಾಡಿ. ಮರದ ಬುಡಕ್ಕೆ ಸಿಮೆಂಟ್ ಬಿಗಿದಿದ್ದರೆ ಬಿಡಿಸಿ. ಛಾವಣಿಯ ನೀರಿಗೆ ಒಂದು ಇಂಗುಗುಂಡಿ ತೋಡಿ. ಹೇಗೆಂದು ತಿಳಿಯದಿದ್ದರೆ ನಿಮ್ಮ ಸಂಘದವರನ್ನು ಕೇಳಿ. ನಾಳೆ ಎನ್ನಬೇಡಿ, ಮೋಡ ಕಟ್ಟುವ ಮುಂಚೆಯೇ ಮಾಡಿ. ನಿಮ್ಮ ಮಕ್ಕಳಿಗೂ ಬರಿಗಾಲಲ್ಲಿ ನಿಲ್ಲಲು ಒಂದಿಷ್ಟು ಮಣ್ಣು ಇರಲಿ.