ಮೂರನೇ ಕಂಬದಲ್ಲಿ ಹನ್ನೆರಡನೆಯವಳು

ನಮ್ಮ ಹೊಲಿಗೆ ಕಾರ್ಖಾನೆಯ ಸೂಪರ್‌ವೈಸರನಿಗೆ ಹೆಂಗಸರೆಲ್ಲ ಸೇರಿ ಇಟ್ಟ ಹೆಸರು ಅಳತೆಪಟ್ಟಿ. ಬೆಳಗ್ಗೆ ಬಂದವನೇ ಹಳದಿ ಟೇಪನ್ನು ಕೊರಳಿಗೆ ಹಾಕಿಕೊಂಡರೆ ಸಂಜೆ ಗೇಟು ದಾಟುವವರೆಗೂ ತೆಗೆಯುತ್ತಿರಲಿಲ್ಲ. ಅದರಿಂದ ಅವನು ಒಂದು ಕರ್ಚೀಫನ್ನಾದರೂ ಅಳೆದದ್ದನ್ನು ಕಂಡವರಿಲ್ಲ. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನಿಗೂ ಒಂದು ಗತ್ತು ಇರುತ್ತಿತ್ತು. ಇವನ ಪ್ರಾಣ ಇದ್ದದ್ದು ಅಂಗಿಯ ಜೇಬಿನ ಕ್ಯಾಲ್ಕ್ಯುಲೇಟರಿನಲ್ಲಿ.

ನನ್ನನ್ನು ಸಾಕಿದವರು ಅಜ್ಜಿ ಮತ್ತು ಚಿಕ್ಕಮ್ಮ. ಕಥೆ ಅಜ್ಜಿಯದು, ಅನ್ನ ಚಿಕ್ಕಮ್ಮನದು. ಕಾಲರ್ ಹೊಲಿಯುವ ಹಾಲಿನಲ್ಲಿ ಕಿಟಕಿಯ ಪಕ್ಕದ ಮೂರನೇ ಮೆಷಿನ್ ಹತ್ತೊಂಬತ್ತು ವರ್ಷದಿಂದ ಅವಳದು. ನನ್ನನ್ನು ಅಲ್ಲಿಗೆ ರಿಜಿಸ್ಟರ್ ಬರೆಯಲು ಸೇರಿಸಿದವಳೂ ಅವಳೇ. ಹೊಲಿದ ಪ್ರತಿ ಕಾಲರಿನ ಒಳಗೆ ಹೊಲಿದವಳ ನಂಬರನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಆ ನಂಬರು ನೋಡಿ ದಿನಕ್ಕೆ ಯಾರದು ಎಷ್ಟು ಎಂದು ನಾನು ಬರೆದುಕೊಳ್ಳುತ್ತಿದ್ದೆ. ತುದಿ ಸೊಟ್ಟಗಾದ ಕಾಲರನ್ನು ಮಾತ್ರ ಎಲ್ಲರೂ ಮೆಲ್ಲಗೆ ಚಿಕ್ಕಮ್ಮನ ಮೇಜಿನ ಕೆಳಗಿನ ನೀಲಿ ಬುಟ್ಟಿಗೆ ಜಾರಿಸುತ್ತಿದ್ದರು. ಅವಳು ಬೈಯುತ್ತಲೇ ಹೊಲಿಗೆ ಬಿಚ್ಚಿ ಮತ್ತೆ ಹೊಲಿದುಕೊಡುವಳು. ಸೀಮೆಸುಣ್ಣದ ನಂಬರು ಹಾಗೇ ಉಳಿಯುತ್ತಿತ್ತು. ಅದು ಅಲ್ಲಿನ ರೂಢಿ.

ಆ ಸೋಮವಾರ ಅಳತೆಪಟ್ಟಿ ಬಿಳಿ ಹಲಗೆಯ ಮೇಲೆ ಐದು ಕಂಬಗಳ ಹಿಸ್ಟೋಗ್ರಾಂ ಬರೆದು, ಮದುಮಗನ ಹಾಗೆ ಪಕ್ಕದಲ್ಲಿ ನಿಂತಿದ್ದ. ದಿನದ ಸರಾಸರಿ ಇಪ್ಪತ್ತರಿಂದ ಮೂವತ್ತು ಕಾಲರ್ ಹೊಲಿಯುವವರು ನಾಲ್ಕು ಜನ. ಮೂವತ್ತರಿಂದ ನಲವತ್ತರವರೆಗೆ ಆರು. ನಲವತ್ತರಿಂದ ಐವತ್ತು ಹದಿನಾಲ್ಕು. ಐವತ್ತರಿಂದ ಅರವತ್ತು ಹತ್ತು. ಅದರ ಮೇಲೆ ಆರು.

“ಹೆಡ್ಡಾಫೀಸಿಂದ ಆರ್ಡರ್ ಬಂದಿದೆ. ಮೂವತ್ತನೇ ಪರ್ಸೆಂಟೈಲಿಗಿಂತ ಕೆಳಗಿರೋರೆಲ್ಲ ನಾಳೆಯಿಂದ ಹಿಂದಿನ ಶೆಡ್ಡಿಗೆ,” ಎಂದ.

ಹಿಂದಿನ ಶೆಡ್ಡಿಗೆ ಕಿಟಕಿಯಿಲ್ಲ, ಕುರ್ಚಿಯಿಲ್ಲ. ದಿನವಿಡೀ ನಿಂತು ಅಂಗಿಗಳ ಬಿಡಿ ದಾರ ಕತ್ತರಿಸಬೇಕು. ಅಲ್ಲಿಗೆ ಹೋದವರು ಮತ್ತೆ ಮೆಷಿನ್ ಮುಂದೆ ಕೂತದ್ದೇ ಇಲ್ಲ.

“ಅದೇನ್ ಸಾರ್ ಪರ್ಸೆಂಟೈಲು? ಹೊಸ ಬಟ್ಟೆನಾ?” ಎಂದಳು ಗುಂಡಿ ಅಕ್ಕ. ಹದಿನೇಳನೇ ಮೆಷಿನಿನವಳು, ಮಾತಿನ ಮಲ್ಲಿ. ನೀಲಿ ಬುಟ್ಟಿಗೆ ಅತಿ ಹೆಚ್ಚು ಜಾರಿಸುವವಳೂ ಅವಳೇ.

“ನಗಬೇಡಿ. ನಲವತ್ತು ಜನಕ್ಕೆ ಮೂವತ್ತನೇ ಪರ್ಸೆಂಟೈಲ್ ಅಂದ್ರೆ ಹನ್ನೆರಡನೇ ಆಳು. ಎಡಗಡೆಯಿಂದ ಕೂಡಿಸ್ತಾ ಬರೋದು, ಇದಕ್ಕೆ ಸಂಚಿತ ಆವೃತ್ತಿ ಅಂತಾರೆ. ನಾಲ್ಕು. ನಾಲ್ಕೂ ಆರೂ ಹತ್ತು. ಹತ್ತೂ ಹದಿನಾಲ್ಕೂ ಇಪ್ಪತ್ನಾಲ್ಕು. ಹನ್ನೆರಡು ಎಲ್ಲಿ ಬಿತ್ತು? ಮೂರನೇ ಕಂಬದಲ್ಲಿ. ಆ ಕಂಬ ಮುಗಿಯೋದು ಐವತ್ತಕ್ಕೆ. ಅದೇ ಗೆರೆ. ಐವತ್ತಕ್ಕಿಂತ ಕಮ್ಮಿ ಇರೋರು ಸಾಮಾನು ಎತ್ಕೊಳ್ಳಿ.”

ಹಾಲಿನಲ್ಲಿ ಮೆಷಿನ್‌ಗಳು ಒಂದೊಂದಾಗಿ ನಿಂತವು. ಚಿಕ್ಕಮ್ಮ ಮೂರನೇ ಕಂಬದವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೆ ಮೊದಲು ಬಂದದ್ದು ದುಃಖವಲ್ಲ, ಹೇಸಿಗೆ. ಇಷ್ಟು ಸಣ್ಣ ಲೆಕ್ಕ ಬಾರದವನ ಕೈಗೆ ಇಷ್ಟು ದೊಡ್ಡ ಹಲಗೆ!

“ಸರ್,” ಎಂದೆ. “ಅವರು ಕೇಳಿದ್ದು ನೂರಕ್ಕೆ ಮೂವತ್ತು ಜನಾನ. ನೀವು ಕಳಿಸ್ತಿರೋದು ನೂರಕ್ಕೆ ಅರವತ್ತು. ಹನ್ನೆರಡು ಜನ ಹೋಗೋ ಕಡೆ ಇಪ್ಪತ್ನಾಲ್ಕು.”

“ಅದು ಹೇಗೆ? ಕಂಬ ಒಡೆಯೋಕಾಗುತ್ತಾ?”

“ಒಡೀಲೇಬೇಕು ಸರ್. ಮೊದಲೆರಡು ಕಂಬಕ್ಕೆ ಹತ್ತು ಜನ ಆದ್ರು. ಮೂರನೇದರಲ್ಲಿ ನಮಗೆ ಬೇಕಾಗಿರೋದು ಇನ್ನಿಬ್ಬರೇ.”

ಎದ್ದುಹೋಗಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ. ಕಂಬದ ಅಗಲ ಹತ್ತು ಕಾಲರ್. ಅದರಲ್ಲಿ ಹದಿನಾಲ್ಕು ಜನ ಸಮನಾಗಿ ಹರಡಿ ನಿಂತಿದ್ದಾರೆ ಎಂದುಕೊಂಡರೆ, ಇಬ್ಬರ ಪಾಲು ಹದಿನಾಲ್ಕರಲ್ಲಿ ಎರಡು. ಹತ್ತನ್ನು ಎರಡರಿಂದ ಗುಣಿಸಿ ಹದಿನಾಲ್ಕರಿಂದ ಭಾಗಿಸಿದರೆ ಒಂದೂವರೆಗಿಂತ ತುಸು ಕಡಿಮೆ. ಕಂಬ ಶುರುವಾಗುವ ನಲವತ್ತಕ್ಕೆ ಅದನ್ನು ಸೇರಿಸಿ, ನಲವತ್ತೊಂದು ಪಾಯಿಂಟ್ ನಾಲ್ಕು ಎಂದು ಬರೆದು, ಕಂಬದ ಎಡ ಅಂಚಿಗೆ ಒತ್ತಿಕೊಂಡಂತೆ ಕೆಂಪು ಗೆರೆ ಎಳೆದೆ. ಎಷ್ಟು ಚೆಂದದ ಗೆರೆ! ಅಜ್ಜಿಯ ಕಥೆಯ ರಾಜಕುಮಾರಿ ಮಾಯಾಕೋಟೆಯ ಬಾಗಿಲು ತೆರೆದಂತೆ ನನಗೆ ಅನಿಸಿತು.

ಅಳತೆಪಟ್ಟಿ ಕ್ಯಾಲ್ಕ್ಯುಲೇಟರನ್ನು ಮೂರು ಸಲ ಒತ್ತಿದ. ಮೂರು ಸಲವೂ ಅದು ನನ್ನ ಕಡೆಗೇ ನಿಂತಿತು.

“ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ,” ಎಂದ.

ಹೆಂಗಸರು ಕತ್ತರಿಗಳಿಂದ ಮೇಜು ಕುಟ್ಟಿದರು. ಗುಂಡಿ ಅಕ್ಕ ನನ್ನ ಗಲ್ಲ ಹಿಂಡಿ, “ನಲವತ್ತಾರು ಕಣೇ ನನ್ನದು! ಬದುಕಿಸ್ದೆ,” ಎಂದಳು. ನಾನು ಚಿಕ್ಕಮ್ಮನತ್ತ ನೋಡಿ ನಕ್ಕೆ. ಅವಳು ನಗಲಿಲ್ಲ. ತಿಂಗಳ ಸರಾಸರಿ ತೆಗೆದವನು ಅಳತೆಪಟ್ಟಿ, ಅವು ಅವನ ನೋಟ್‌ಬುಕ್ಕಿನಲ್ಲಿದ್ದವು. ಅದರಲ್ಲಿ ಒಮ್ಮೆ ಇಣುಕುವ ಪುರುಸೊತ್ತು ನನ್ನ ಜಂಬಕ್ಕೆ ಇರಲಿಲ್ಲ.

ಅವನು ಓದತೊಡಗಿದ. ಹತ್ತು ನಂಬರುಗಳು. ಹನ್ನೊಂದನೆಯದು ಬಾಗಿಲ ಬಳಿಯ ಹುಡುಗಿಯದು, ನಲವತ್ತೂವರೆ. “ಹನ್ನೆರಡನೇದು, ಮೆಷಿನ್ ನಂಬರ್ ಮೂರು. ನಲವತ್ತೊಂದು.”

ನನ್ನ ಕೈಯಲ್ಲಿ ಕೆಂಪು ಪೆನ್ನು ಇನ್ನೂ ಇತ್ತು.

“ಸರ್, ಬುಟ್ಟಿ ಲೆಕ್ಕಕ್ಕೆ ಬಂದಿಲ್ಲ! ಎಲ್ಲರ ಸೊಟ್ಟ ಕಾಲರ್ ಚಿಕ್ಕಮ್ಮನೇ ಬಿಚ್ಚಿ ಹೊಲಿಯೋದು!”

“ರಿಜಿಸ್ಟರ್ ಬರೆದದ್ದು ಯಾರು? ನಾನಾ?” ಎಂದ. ಆ ತಿಂಗಳಿನಲ್ಲಿ ಅವನು ಆಡಿದ ಸರಿಯಾದ ಮಾತು ಅದೊಂದೇ.

ಗುಂಡಿ ಅಕ್ಕನ ಕಡೆ ತಿರುಗಿದೆ. ಅವಳು ಉಗುರು ನೋಡಿಕೊಳ್ಳುತ್ತಿದ್ದಳು. ಹಾಲಿನ ತುಂಬ ಬೆನ್ನುಗಳು, ಬಗ್ಗಿದ ತಲೆಗಳು. ಅಳತೆಪಟ್ಟಿಯನ್ನು ತುಚ್ಛವಾಗಿ ಕಾಣುತ್ತಿದ್ದೆನಲ್ಲ, ಈಗ ಹಾಲಿಗೆ ಹಾಲೇ ಅವನ ನಂಟರಂತೆ ಕಂಡಿತು. ನನ್ನದು ತೀರಾ ಹತ್ತಿರದ ನಂಟು.

“ಸುಮ್ನಿರೇ,” ಎಂದು ಚಿಕ್ಕಮ್ಮ ಎದ್ದಳು. ನೀಲಿ ಬುಟ್ಟಿಯನ್ನು ಎಳೆದು ತಂದು ಅವನ ಮೇಜಿನ ಮೇಲೆ, ನೋಟ್‌ಬುಕ್ಕಿನ ಮೇಲೆಯೇ, ಬೋರಲು ಹಾಕಿದಳು. “ಇವತ್ತಿನದು, ಮೂವತ್ತೊಂದಿದೆ. ನಿಮ್ಮ ಕಂಬದೊಳಗೆ ತುಂಬ್ಕೊಳ್ಳಿ ಸಾರ್.” ನಾಳೆಗೆ ಕಾಯದೆ ಕತ್ತರಿ ಹಿಡಿದು ಶೆಡ್ಡಿನ ಕಡೆ ನಡೆದಳು.

ಮೂರು ದಿನಕ್ಕೆ ತಪಾಸಣೆಯ ಮೇಜಿನಿಂದ ತೊಂಬತ್ತೆಂಟು ಸೊಟ್ಟ ಕಾಲರ್ ವಾಪಸು ಬಂದವು. ಸೊಟ್ಟದ್ದನ್ನು ಬಿಟ್ಟು ಹೊಸ ಹಿಸ್ಟೋಗ್ರಾಂ ಬರೆಯಬೇಕೆಂದು ಹೆಡ್ಡಾಫೀಸು ಹೇಳಿತು. ಎತ್ತರದ ಕಂಬಗಳೆಲ್ಲ ಎಡಕ್ಕೆ ಜಾರಿದವು. ಗುಂಡಿ ಅಕ್ಕನ ನಲವತ್ತಾರು ಮೂವತ್ತೊಂಬತ್ತಾಯಿತು. ಅವಳು ನನ್ನ ಗಲ್ಲ ಹಿಂಡಲು ಬರಲಿಲ್ಲ.

ಅಳತೆಪಟ್ಟಿ ಶೆಡ್ಡಿಗೆ ಹೋದ. ನಾನು ರಿಜಿಸ್ಟರ್ ಹಿಡಿದು ಹಿಂದೆ ನಿಂತೆ. ಚಿಕ್ಕಮ್ಮ ತಲೆಯೆತ್ತದೆ ದಾರ ಕತ್ತರಿಸುತ್ತಲೇ ಇದ್ದಳು.

“ಬಾಮ್ಮ, ನಿನ್ನ ಮೆಷಿನ್ ಖಾಲಿ ಇದೆ.”

“ನಾನು ನಲವತ್ತೊಂದರೋಳು ಸಾರ್. ನಲವತ್ತಾರರೋರನ್ನ ಕರೀರಿ.”

“ಏನು ಬೇಕು ಹೇಳು.”

“ಸೀಮೆಸುಣ್ಣ.”

ತರಲು ಅವನೇ ಹೋದ. ಕೊರಳ ಟೇಪು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಪರದಾಡಿದ. ನಾವಿಬ್ಬರೂ ಕೈ ಹಚ್ಚಲಿಲ್ಲ.

ಕಿಟಕಿಯ ಪಕ್ಕ ಕೂತು ಚಿಕ್ಕಮ್ಮ ಬುಟ್ಟಿಯ ಮೊದಲ ಕಾಲರ್ ಎತ್ತಿಕೊಂಡಳು. ಹೊಲಿಗೆ ಬಿಚ್ಚುವುದಕ್ಕೂ ಮೊದಲು ಒಳಗಿನ ಹದಿನೇಳನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಮೂರು ಎಂದು ಬರೆದಳು. ಹೊಲಿದು ಮುಗಿಸಿ ನನ್ನ ಮಡಿಲಿಗೆ ಎಸೆದಳು.

“ಬರ್ಕೋ, ಲೆಕ್ಕದ ಮಹಾರಾಣಿ.”

ಬರೆದುಕೊಂಡೆ.