ಹೆಗಲ ಮೇಲಿನ ನೇರಳೆ ಕಲೆ

"ಇದು ಬಣ್ಣ ಹಾಕಿದ್ದು," ಎಂದಳು ಹಿರಿಸೊಸೆ. ಬುಟ್ಟಿಯಲ್ಲಿದ್ದ ಹಕ್ಕಿಯನ್ನು ಅವಳು ನೋಡಿದ್ದು ಒಂದೇ ಸಲ, ಗಿರಾಕಿ ತಂದ ಮಾಸಿದ ಕೋಟನ್ನು ನೋಡುವಂತೆ ತಲೆ ತುಸು ಓರೆ ಮಾಡಿ. "ಮಾಮೂಲಿ ಪಾರಿವಾಳ. ಯಾರೋ ತಮಾಷೆಗೆ ಹಸಿರಲ್ಲಿ ಅದ್ದಿದ್ದಾರೆ."

ಅಂಗಳದಲ್ಲಿ ಒಣಗಲು ಹಾಕಿದ್ದ ಪರದೆಗೆ ಬಡಿದು ಬಿದ್ದಿದ್ದ ಹಕ್ಕಿಯನ್ನು ಎತ್ತಿ ತಂದವಳು ಕಿರಿಸೊಸೆ. ಅವಳು ಸುಮ್ಮನಿರಬಹುದಿತ್ತು, ಇರಲಿಲ್ಲ.

"ಅಲ್ಲ ಅಕ್ಕ, ಇದು ಕಾಡಿನದು. ಹಸಿರು ಪಾರಿವಾಳ ಅಂತಾನೇ ಒಂದು ಜಾತಿ ಇದೆ. ಕಾಲು ನೋಡಿ, ಹಳದಿ. ಮಾಮೂಲಿದಕ್ಕೆ ಕೆಂಪಿರುತ್ತೆ."

"ಮೈಗೆ ಬಳಿದವರಿಗೆ ಕಾಲಿಗೆ ಬಳಿಯೋಕೆ ಬರಲ್ವಾ? ಇಲ್ನೋಡು, ಹೆಗಲ ಮೇಲೆ ನೇರಳೆ ಕಲೆ. ನೇರಳೆ ಕಲಸಿದ ಕೈ ತೊಳೀದೆ ಹಿಡಿದಿದ್ದಾರೆ. ಕಸುಬು ಬರದವರ ಕೆಲಸ."

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅತ್ತೆ ನಕ್ಕರು. "ದೊಡ್ಡವಳ ಕಣ್ಣು ಅಂದ್ರೆ ಕಣ್ಣು ಕಣೇ."

ಆ ಮಾತು ಹಿರಿಸೊಸೆಯ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ! ಹಳೆಯ ಬಟ್ಟೆಗೆ ಹೊಸ ಬಣ್ಣ ಹಾಕಿಕೊಡುವ ಅಂಗಡಿ ಅದು. ಬಿಸಿಲಿಗೆ ಬಿಳಿಚಿದ ಕೋಟಿನ ಜೇಬನ್ನು ಹೊರಳಿಸಿ, ಒಳಗಿನ ಅಸಲು ಬಣ್ಣ ನೋಡಿ, ಅದಕ್ಕೆ ಯಾವ ಪುಡಿ ಎಷ್ಟು ಬೇಕೆಂದು ಹೇಳುವವಳು ಹಿರಿಸೊಸೆ. ಅವಳು ಹೇಳಿದರೆ ಅತ್ತೆ ಎರಡನೇ ಮಾತಾಡುತ್ತಿರಲಿಲ್ಲ. ಕಿರಿಯಳು ಮನೆ ತುಂಬಿದ ಮೇಲೆ ನಿಧಾನವಾಗಿ ಗಾಳಿ ತಿರುಗಿತು. ಹೋದ ವಾರ ಒಂದು ಬೂದು ಶಾಲು ಬಣ್ಣದ ಹಂಡೆಯಿಂದ ಮೇಲೆ ಬಂದಾಗ, ಹಿರಿಯಳು ಪಕ್ಕದಲ್ಲೇ ನಿಂತಿದ್ದರೂ, "ಚಿಕ್ಕವಳೇ, ನೀನೊಂದ್ಸಲ ನೋಡೇ," ಎಂದು ಅತ್ತೆ ಕೂಗಿದ್ದರು. ಅಷ್ಟೇ. ಆದರೆ ಹಿರಿಯಳಿಗೆ ಅಂದಿನಿಂದ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಈ ಮನೆಯಲ್ಲಿ ಅವಳಿಗೆ ಅವಳದೇ ಎನ್ನುವಂಥದ್ದು ಇದ್ದರೆ ಆ ಎರಡು ಕಣ್ಣು ಮಾತ್ರ.

ಹಕ್ಕಿಯ ಉಸ್ತುವಾರಿಯನ್ನೂ ಅವಳೇ ವಹಿಸಿಕೊಂಡಳು. ಬಟ್ಟಲಲ್ಲಿ ಜೋಳದ ಕಾಳು ಹಾಕಿಟ್ಟಳು.

"ಕಾಳು ಮುಟ್ಟಲ್ಲ ಅಕ್ಕ," ಎಂದಳು ಕಿರಿಯಳು. "ಇದು ಹಣ್ಣು ತಿನ್ನೋ ಹಕ್ಕಿ. ನಮ್ಮ ತವರಲ್ಲಿ ಆಲದ ಮರಕ್ಕೆ ಹಿಂಡೇ ಬರ್ತಿತ್ತು. ನೆಲಕ್ಕೆ ಇಳಿಯೋದೇ ಅಪರೂಪ. ಎಲೆ ಜೊತೆ ಎಲೆಯಾಗಿ ಕೂತುಬಿಡ್ತವೆ. ಹಣ್ಣು ಉದುರಿದ್ರೆ ಮಾತ್ರ ಮೇಲೆ ಯಾರೋ ಇದ್ದಾರೆ ಅಂತ ಗೊತ್ತಾಗೋದು."

"ನಿಮ್ಮ ತವರಲ್ಲಿ ಇಲ್ಲದ್ದು ಯಾವುದಿದೆ ಹೇಳು. ಹಣ್ಣು ಕೊಟ್ಟು ಹೊಟ್ಟೆ ಕೆಡಿಸಬೇಡ. ಬುಟ್ಟಿ ಹತ್ರ ಯಾರೂ ಬರೋದು ಬೇಡ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಮೊಲ ಎದುರಿಗೇ ಕುಂಟದೆ ಓಡಿದರೂ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಕಾಳು ಹಾಕಿದಂತೆಯೇ ಇತ್ತು. ಹಕ್ಕಿ ಕತ್ತನ್ನು ಮೈಯೊಳಗೆ ಎಳೆದುಕೊಂಡು ಕಣ್ಣು ಅರೆಮುಚ್ಚಿ ಕೂತಿತ್ತು. ಅತ್ತೆ ಬಟ್ಟಲನ್ನೂ ನೋಡಿದರು, ಹಿರಿಯಳನ್ನೂ ನೋಡಿದರು, ಹೋಗಿ ಅಂಗಡಿಯ ಬಾಗಿಲು ತೆಗೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದಾಗ ಅವಳು ಬಿಳಿ ಬಟ್ಟೆಯ ಚೂರೊಂದನ್ನು ಬಣ್ಣ ಬಿಡಿಸುವ ಸೋಡಾ ನೀರಿನಲ್ಲಿ ಅದ್ದಿ ತಂದಳು. ಅಗ್ಗದ ಬಣ್ಣವಾದರೆ ಒಂದೇ ಉಜ್ಜಿಗೆ ಬಿಡುತ್ತದೆ. ಹಕ್ಕಿಯನ್ನು ಎಡಗೈಯಲ್ಲಿ ಹಿಡಿದು ರೆಕ್ಕೆ ಉಜ್ಜಿದಳು. ಬಟ್ಟೆ ಬೆಳ್ಳಗೇ ಇತ್ತು. ಕಾಲು ಉಜ್ಜಿದಳು. ಕೊನೆಗೆ ಆ ನೇರಳೆ ಕಲೆ. ಗರಿಗಳನ್ನು ಬೆರಳಿನಿಂದ ಬಿಡಿಸಿ ನೋಡಿದಳು. ನೇರಳೆ ಮೇಲೆ ಬಿದ್ದದ್ದಾಗಿರಲಿಲ್ಲ, ಗರಿಯೇ ಹಾಗೆ ಹುಟ್ಟಿತ್ತು. ಬೂದು ತಲೆ ಕತ್ತಿನ ಹಳದಿಗೆ ಇಳಿದು, ಹಳದಿ ಬೆನ್ನಿನ ಹಸಿರಿಗೆ ತಿರುಗುವ ಜಾಗದಲ್ಲಿ ಎಲ್ಲಿಯೂ ಒಂದು ಗೆರೆ ಇಲ್ಲ. ಇಂಥ ಕೆಲಸ ಯಾವ ಹಂಡೆಯಲ್ಲೂ ಆಗುವುದಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂಗೈಯಲ್ಲಿ ಹಕ್ಕಿಯ ಎದೆ ಹೊಡೆದುಕೊಳ್ಳುತ್ತಿತ್ತು. ಎದೆಯ ಮೂಳೆ ಕೈಗೆ ಚೂಪಾಗಿ ಸಿಗುತ್ತಿತ್ತು. ಇದು ಸತ್ತರೂ ಕಿರಿಯಳು ಹೇಳಿದ್ದೇ ಸರಿ, ಬದುಕಿದರೂ ಅವಳು ಹೇಳಿದ್ದೇ ಸರಿ. ಹಾಳಾದವಳು, ಎಂದುಕೊಂಡಳು. ಎಂದುಕೊಂಡೇ ಬೀದಿಯ ಕೊನೆಯ ಆಲದ ಮರದವರೆಗೆ ಹೋಗಿ, ಬಿದ್ದಿದ್ದ ಕೆಂಪು ಹಣ್ಣುಗಳನ್ನು ಸೆರಗಿಗೆ ತುಂಬಿಕೊಂಡು ಬಂದಳು.

ಹಕ್ಕಿ ಮೊದಲ ಹಣ್ಣನ್ನು ಇಡಿಯಾಗಿ ನುಂಗಿತು. ಅಷ್ಟು ಚಿಕ್ಕ ಕೊಕ್ಕಿನಲ್ಲಿ ಹೇಗೆ ಹೋಯಿತೋ. ಮತ್ತೊಂದು, ಮಗದೊಂದು. ನಾಚಿಕೆಯೇ ಇಲ್ಲದ ಹಾಗೆ ಅವಳ ಬೆರಳನ್ನು ಕುಟುಕಿ ಕೇಳಿತು. ಅವಳಿಗೆ ನಗು ಬಂತು, ಕೂಡಲೇ ಅಳುವೂ ಬಂತು. ಹಣ್ಣಿನ ತೊಟ್ಟುಗಳನ್ನು ಆಯ್ದು ಎಸೆದು, ಅರ್ಧ ಬಟ್ಟಲು ಕಾಳನ್ನು ಹಿತ್ತಲಿಗೆ ಚೆಲ್ಲಿ ಬಂದಳು.

ಬೆಳಿಗ್ಗೆ ಹಕ್ಕಿ ಬುಟ್ಟಿಯಲ್ಲಿ ರೆಕ್ಕೆ ಬಡಿಯುತ್ತಿತ್ತು. "ನೋಡಿದ್ಯಾ ಚಿಕ್ಕವಳೇ?" ಎಂದು ಅತ್ತೆ ಬಟ್ಟಲು ಎತ್ತಿ ತೋರಿಸಿದರು. "ಕಾಳು ತಿಂದಿದೆ. ದೊಡ್ಡವಳು ಹೇಳಿದ್ದೇ ನಿಜ. ಹಾಗಿದ್ರೆ ಒಂದು ಕೆಲಸ ಮಾಡಿ, ಪಾಪ, ಆ ದರಿದ್ರ ಬಣ್ಣ ತೆಗೆದುಬಿಡಿ. ಬಿಸಿ ಸೋಡಾ ನೀರಲ್ಲಿ ಎರಡು ಸಲ ಅದ್ದಿದ್ರೆ ಬಿಳಿ ಆಗುತ್ತೆ."

ಹಿರಿಯಳು ಬುಟ್ಟಿಗೆ ಕೈ ಅಡ್ಡ ಹಿಡಿದಳು. ಬಿಸಿ ತುಪ್ಪ ಉಗುಳುವಂತೆಯೂ ಇರಲಿಲ್ಲ, ನುಂಗುವಂತೆಯೂ ಇರಲಿಲ್ಲ. "ಬೇಡ ಅತ್ತೆ," ಎಂದಳು, "ಅದು... ಅದಕ್ಕೆ..."

ಕಿರಿಯಳು ಬುಟ್ಟಿಯ ತಳಕ್ಕೆ ಹಾಸಿದ್ದ ಕಾಗದವನ್ನು ಹೊರಗೆಳೆಯುತ್ತಿದ್ದಳು. ಹಿಕ್ಕೆ ಕೆಂಪಾಗಿತ್ತು, ಆಲದ ಹಣ್ಣಿನ ಕೆಂಪು. ಅವಳು ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಒಲೆಗೆ ಹಾಕಿದಳು.

"ಅಕ್ಕ ಹೇಳಿದ್ದೇ ಸರಿ ಅತ್ತೆ, ನಂದೇ ತಪ್ಪು," ಎಂದಳು. "ಆದ್ರೆ ಬಿಸಿ ನೀರು ತಡೀದೆ ಸಾಯುತ್ತೆ. ಬಿಟ್ಟುಬಿಡೋಣ. ಗರಿ ಉದುರಿದಾಗ ಬಣ್ಣ ತಾನೇ ಹೋಗುತ್ತೆ."

ಗೆಲುವು ಇಷ್ಟು ಕಹಿಯಾಗಿರುತ್ತದೆಂದು ಹಿರಿಯಳಿಗೆ ಗೊತ್ತಿರಲಿಲ್ಲ. ಎಲ್ಲರೆದುರು ಸೋತಿದ್ದರೂ ಹೀಗೆ ಉರಿಯುತ್ತಿರಲಿಲ್ಲ. ಕಣ್ಣೂ ಆ ಚಿಕ್ಕವಳಿಗೇ, ಈಗ ದೊಡ್ಡ ಮನಸ್ಸೂ ಅವಳಿಗೇ! ಒಂದಾದರೂ ನನಗೆ ಬಿಡಬಾರದಿತ್ತೇ?

ಇಬ್ಬರೂ ಬುಟ್ಟಿ ಹಿಡಿದು ಆಲದ ಮರದ ಬಳಿಗೆ ಹೋದರು. ಮುಚ್ಚಳ ತೆಗೆದದ್ದೇ ತಡ, ಹಕ್ಕಿ ಪಟಪಟನೆ ಮೇಲೇರಿ ಎಲೆಗಳೊಳಗೆ ಹೋಯಿತು. ಹೋದ ಜಾಗದಲ್ಲಿ ಬರೀ ಎಲೆ.

ಕಿರಿಯಳು ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು. ಒಂದು ಹೆಜ್ಜೆ ಆಚೆ ಹೋಗಿ ನೋಡಿದಳು. "ನನಗೆ ಕಾಣ್ತಾನೇ ಇಲ್ಲ. ನಿಮಗೆ ಕಾಣುತ್ತಾ ಅಕ್ಕ?"

ಹಿರಿಯಳಿಗೆ ಕಾಣುತ್ತಿತ್ತು. ಮೂರನೇ ಕೊಂಬೆ, ಬಿಳಲಿನ ಪಕ್ಕ. ಸುತ್ತಲಿನ ಹಸಿರಿಗಿಂತ ಕೂದಲೆಳೆಯಷ್ಟು ಹೆಚ್ಚು ಹಳದಿ ಬೆರೆತ ಹಸಿರು, ಅದರ ಹೆಗಲಲ್ಲಿ ಚಿಟಿಕೆ ನೇರಳೆ. ಊರಲ್ಲಿ ಇನ್ಯಾರಿಗೂ ಅದು ಕಾಣಲಾರದು.

"ಇಲ್ಲಪ್ಪ," ಎಂದಳು. "ಆ ಕಡೆಯಿಂದ ಹಾರಿಹೋಯ್ತು ಅನ್ಸುತ್ತೆ."

"ಹೌದೇನೋ," ಎಂದಳು ಕಿರಿಯಳು.

ಟಪ್ಪೆಂದು ಒಂದು ಹಣ್ಣು ಅವರಿಬ್ಬರ ಕಾಲುಗಳ ನಡುವೆ ಬಿತ್ತು. ಒಂದು ಬದಿ ಆಗ ತಾನೇ ಕುಕ್ಕಿದ್ದು, ಇನ್ನೂ ಹಸಿಯಾಗಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಿತ್ತು. ಯಾರೂ ತಲೆ ಎತ್ತಲಿಲ್ಲ.