ನಮ್ಮ ಹುಡುಗ ಎರ್ರಿ

ಒಂದು ಹೆಬ್ಬಟ್ಟು ಅಷ್ಟೇ ತಾನೆ, ಎಂದು ಅಂಜನಾ ತನಗೆ ತಾನೇ ಮೂರನೇ ಸಲ ಹೇಳಿಕೊಳ್ಳುವ ಹೊತ್ತಿಗೆ ಬಸ್ಸು ಬಳ್ಳಾರಿಯ ಗುಡ್ಡವನ್ನು ಹಿಂದೆ ಬಿಟ್ಟಿತ್ತು. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಕಂದು ಲಕೋಟೆ, ಲಕೋಟೆಯ ಮೇಲೆ ಎರಡು ಕೈ. ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ಯಾವತ್ತೂ ತಿಳಿದದ್ದಿಲ್ಲ.

ಇದು ಅವಳ ಕೆಲಸವೂ ಅಲ್ಲ. ಅವಳು ಅನುವಾದಕಿ. ಕಚೇರಿಯ ಮೂಲೆಯ ಮೇಜಿನ ಮುಂದೆ ಕೂತು ಜನ ಕೊಟ್ಟ ಹೇಳಿಕೆಗಳನ್ನು ಇಂಗ್ಲಿಷಿಗೆ, ಮೇಲಿನಿಂದ ಬಂದ ಆದೇಶಗಳನ್ನು ಕನ್ನಡಕ್ಕೆ ದಾಟಿಸುವವಳು. ಹನ್ನೊಂದು ವರ್ಷ ಹೀಗೆ, ಒಬ್ಬರ ಮುಖವನ್ನೂ ನೋಡದೆ. ಸಾಕ್ಷಿ ಒಂದು, ಸಾಕ್ಷಿ ಎರಡು. ಅಳುವವರು ಅವಳ ಮೇಜಿಗೆ ಬರುವಷ್ಟರಲ್ಲಿ ಒಣಗಿ ಹಾಳೆಯಾಗಿರುತ್ತಿದ್ದರು. ಅದು ಅವಳಿಗೆ ಒಗ್ಗಿತ್ತು.

ನಿನ್ನೆ ಮೈಲಾರಲಿಂಗಪ್ಪನವರು ಕರೆದಿದ್ದರು. ಈ ತಿಂಗಳ ಕೊನೆಗೆ ನಿವೃತ್ತರಾಗುವ ಸಾಹೇಬರು, ಕೆಟ್ಟವರಲ್ಲ. ಮೂರು ಸಲ ನೋಟೀಸು ಕಳಿಸಿದರೂ ರಾರಾವಿಯ ಆ ಹೆಣ್ಣುಮಗಳು ಕಚೇರಿಗೆ ಬರುತ್ತಿಲ್ಲವಂತೆ. ಖಾಕಿ ಬಟ್ಟೆ ನಿಂತ ಬಾಗಿಲು ತುಳಿಯುವುದಿಲ್ಲ ಅಂದಳಂತೆ. ಆಕೆಯ ಮಗನ ಸಾವಿನ ವಿಚಾರಣೆ ಮುಗಿಸುವ ಆದೇಶ ಇಂಗ್ಲಿಷಿನಲ್ಲಿದೆ, ಆಕೆಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮವಿದೆ. "ಅನುವಾದ ಮಾಡಿದೋರು ನೀವು. ಓದಾಕೂ ನೀವ ಆಗ್ಬೇಕು. ಒಂದು ಹೆಬ್ಬಟ್ಟು ತರ್ರಿ, ಫೈಲು ಮುಚ್ಚಿ ಮನಿಗೆ ಹೋಗ್ತೀನಿ" ಎಂದಿದ್ದರು. ಹೆಬ್ಬಟ್ಟು ಒತ್ತಬೇಕಾದ ಜಾಗದ ಮೇಲೆ ಎರಡು ಸಾಲಿದ್ದವು: ಓದಿ ಹೇಳಿದ್ದನ್ನು ಕೇಳಿ ತಿಳಿದಿದ್ದೇನೆ, ನನ್ನ ಆಕ್ಷೇಪಣೆ ಇರುವುದಿಲ್ಲ. ಒತ್ತಿದ ಮೇಲೆ ಮತ್ತೆ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ.

ಫೈಲು ತೆಳ್ಳಗಿತ್ತು. ಹೊನ್ನೂರಸ್ವಾಮಿ, ವಯಸ್ಸು ಇಪ್ಪತ್ಮೂರು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ಕೆಲಸ. ಕಳುವಾದ ಬೈಕೊಂದರ ವಿಚಾರಣೆಗೆಂದು ಠಾಣೆಗೆ ಕರೆದೊಯ್ದರು. ಎರಡನೇ ದಿನ ಮಧ್ಯಾಹ್ನ ಲಾಕಪ್ಪಿನಲ್ಲಿ ಸತ್ತಿದ್ದ. ತಾನೇ ಜೀವ ತೆಗೆದುಕೊಂಡ ಎಂದು ವರದಿ. ಠಾಣೆಯ ಕ್ಯಾಮೆರಾ ಆ ದಿನ ಕೆಟ್ಟಿತ್ತು; ರಿಪೇರಿಗೆ ಪತ್ರ ಬರೆಯಲಾಗಿತ್ತು; ಪತ್ರದ ಪ್ರತಿ ಲಗತ್ತಿಸಿದೆ. ಮೈಮೇಲಿನ ನೀಲಿ ಕಲೆಗಳು ಕಸುಬಿನ ಬಣ್ಣದವು ಇರಬಹುದು. ಮತ್ತು, ಮೃತನ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲವೆಂದು ಸ್ವತಃ ತಾಯಿಯೇ ಹೇಳಿದ್ದಾಳೆ.

ತಾಯಿಯ ಆ ಮಾತನ್ನು ದಾಟಿಸಿದವಳು ಅಂಜನಾ. ಅವಳಿಗೆ ಚೆನ್ನಾಗಿ ನೆನಪಿದೆ. ಯಾರೋ ಗುಮಾಸ್ತ ಗಡಿಬಿಡಿಯಲ್ಲಿ ಗೀಚಿದ್ದ ಸಾಲು: ನಮ್ಮ ಹುಡುಗ ಎರ್ರಿ ಅವಗ ಏನೂ ಗೊತ್ತಿಲ್ಲ. ಓದಿದ ಕೂಡಲೇ ಅವಳಿಗೆ ಅಮ್ಮ ನೆನಪಾಗಿದ್ದಳು. ಮನೆಯಲ್ಲಿ ತೆಲುಗು ಆಡುತ್ತಿದ್ದ ಅಮ್ಮ ಅವಳನ್ನು ಕರೆಯುತ್ತಿದ್ದದ್ದು ಎರ್ರಿದಾನಾ ಎಂದು. ಹುಚ್ಚಿ, ಪೆದ್ದಿ, ನನ್ನ ಬಂಗಾರ, ಎಲ್ಲ ಆ ಒಂದು ಮಾತಿನಲ್ಲಿ. ತಲೆ ಬಾಚುವಾಗ, ಜ್ವರದಲ್ಲಿ ಗಂಜಿ ಕುಡಿಸುವಾಗ. ಅಮ್ಮ ಹೋಗಿ ಎರಡು ವರ್ಷವಾಯಿತು. ಈಗ ಅವಳನ್ನು ಎಲ್ಲರೂ ಮೇಡಂ ಅನ್ನುತ್ತಾರೆ.

ಹುಚ್ಚ ಎಂದು ಬರೆಯಲು ಮನಸ್ಸಾಗಿರಲಿಲ್ಲ. ಸತ್ತ ಮಗನನ್ನು ತಾಯಿ ಹಾಗೆ ಕರೆದಳೆಂದು ಬರೆಯುವುದು ಒರಟು. ಅರ್ಧ ಗಂಟೆ ಯೋಚಿಸಿ ಅವಳು ಇಂಗ್ಲಿಷಿನ ಒಂದು ಮೆತ್ತನೆಯ ಮಾತನ್ನು ಆರಿಸಿದ್ದಳು: ಅನ್‌ಸೌಂಡ್ ಮೈಂಡ್. ಓದಿದವರಿಗೆ ಕನಿಕರ ಬರಲಿ ಎಂದು. ಅದು ತನ್ನ ಒಳ್ಳೆಯ ಅನುವಾದಗಳಲ್ಲಿ ಒಂದೆಂಬ ಸಣ್ಣ ಹೆಮ್ಮೆಯೂ ಇತ್ತು.

ಕುರುಗೋಡಿನಲ್ಲಿ ಬಸ್ಸು ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, ಎಲ್ಲಿಗೆ ಹೊಂಟಿ, ಅಲ್ಲಿ ಯಾರದಾರ ಎಂದು ವಿಚಾರಿಸಿದಳು. ಯಾರೂ ಇಲ್ಲ ಎಂದಳು ಅಂಜನಾ. "ಯಾರೂ ಇಲ್ದ ಊರಿಗೆ ಯಾಕವ್ವ?" ಎಂದು ಮುದುಕಿ ಅವಳ ಮುಖವನ್ನೇ ನೋಡಿದಳು. ಅಂಜನಾ ಕಿಟಕಿಯ ಕಡೆ ತಿರುಗಿದಳು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು. ಯಾರ ಮುಖವೂ ಕಾಣುತ್ತಿರಲಿಲ್ಲ.

ಸಿರುಗುಪ್ಪದಲ್ಲಿ ಇಳಿದು ರಾರಾವಿಗೆ ಆಟೋ ಹಿಡಿದಳು. ಊರ ಮುಂದಿನ ಚಹಾದಂಗಡಿಯಲ್ಲಿ, ಲಕೋಟೆ ನೋಡಿಕೊಂಡು, ಹೊನ್ನೂರಸ್ವಾಮಿಯವರ ಮನೆ ಎಲ್ಲಿ ಎಂದು ಕೇಳಿದಳು. ಅಂಗಡಿಯ ಕರೀಮಸಾಬ್ ಸೋಸುತ್ತಿದ್ದ ಚಹಾ ನಿಲ್ಲಿಸಿ ಯೋಚಿಸಿದ. ಆ ಹೆಸರಿನವರು ಊರಲ್ಲಿ ಯಾರೂ ಇಲ್ಲ ಎಂದ. ತಾಯಿ ಸಾವಂತ್ರಮ್ಮ ಎಂದಳು ಅಂಜನಾ.

"ಓ, ನಮ್ಮ ಎರ್ರಿ ತಾಯಿ ಏನ್ರಿ?" ಎಂದ ಕರೀಮಸಾಬ್. "ಮದ್ಲ ಹಂಗ ಹೇಳಬಾರದೇನ್ರಿ. ಹೊನ್ನೂರಸ್ವಾಮಿ ಅಂತ ಸಾಲ್ಯಾಗ ಬರಸಿದ್ದು. ಊರಾಗ ಅವ ಎರ್ರಿ."

ಅಂಜನಾ ಲಕೋಟೆಯಿಂದ ಕಣ್ಣೆತ್ತಿದಳು. ಅಂದರೆ ಆ ಹುಡುಗನಿಗೆ ತಲೆ ಸರಿ ಇರಲಿಲ್ಲವೇ ಎಂದು ಕೇಳಿದಳು. ಉತ್ತರ ಗೊತ್ತಿದ್ದೇ ಕೇಳಿದಳು.

"ಎರ್ರಿತಾತನ ಹರಕಿ ಹೆಸರ್ರೀ ಅದು. ಹುಡುಗನ ತಲಿ ನನ್ನ ತಲಿಗಿಂತ ನೆಟ್ಟಗಿತ್ತು. ಈ ಫೋನಿನಾಗ ಕನ್ನಡ ಹಾಕಿಕೊಟ್ಟಾವ ಅವನ." ಕರೀಮಸಾಬ್ ಅಂಗಿಯ ಜೇಬಿನಿಂದ ಫೋನು ತೆಗೆದು ತೋರಿಸಿ, ಮತ್ತೆ ಜೋಪಾನವಾಗಿ ಒಳಗಿಟ್ಟ.

ಈ ಸೀಮೆಯಲ್ಲಿ ಆ ಅವಧೂತ ತಾತನ ಹೆಸರಿನವರು ಓಣಿಗೆ ನಾಲ್ವರಿದ್ದಾರೆ. ಅವಳ ಕ್ಲಾಸಿನಲ್ಲೇ ಮೂವರು ಎರ್ರಿಸ್ವಾಮಿಗಳಿದ್ದರು, ಒಬ್ಬ ಅವಳ ಪೆನ್ನು ಕದ್ದಿದ್ದ. ಬೆಂಗಳೂರಿನವರು ಈ ತಪ್ಪು ಮಾಡುತ್ತಿರಲಿಲ್ಲ. ಅರ್ಥವಾಗದೆ ಯಾರನ್ನಾದರೂ ಕೇಳುತ್ತಿದ್ದರು. ಬಳ್ಳಾರಿಯಲ್ಲೇ ಹುಟ್ಟಿ ಎರಡೂ ಭಾಷೆ ಹಾಲಿನೊಂದಿಗೆ ಕುಡಿದವಳಿಗೆ ಕೇಳಬೇಕು ಅನ್ನಿಸಲಿಲ್ಲ. ನಮ್ಮ ಹುಡುಗ ಎರ್ರಿ, ಅವಗ ಏನೂ ಗೊತ್ತಿಲ್ಲ. ಆ ಬೈಕಿನ ವಿಷಯ ನಮ್ಮ ಎರ್ರಿಗೆ ಏನೂ ಗೊತ್ತಿಲ್ಲ. ನಡುವೆ ಒಂದು ಅಲ್ಪವಿರಾಮ ಇರಲಿಲ್ಲ, ಅಷ್ಟೆ. ಅಯ್ಯೋ ದೇವರೇ, ಎಂದು ಅಂಜನಾ ಮೆಲ್ಲಗೆ, ತೆಲುಗಿನಲ್ಲಿ ಅಂದುಕೊಂಡಳು.

ಮನೆ ತಲುಪುವವರೆಗೆ ಅವಳು ಮಾತು ಜೋಡಿಸಿದಳು. ಅನುವಾದದಲ್ಲಿ ತಪ್ಪಾಗಿದೆ. ಕಚೇರಿಯ ಭಾಷೆಯಲ್ಲಿ ತಪ್ಪು ಆಗಿರುತ್ತದೆ, ಯಾರೂ ಮಾಡಿರುವುದಿಲ್ಲ. ಅದನ್ನು ಹೇಳಿದರೆ ಫೈಲು ಮತ್ತೆ ತೆರೆಯುತ್ತದೆ, ನೀಲಿ ಕಲೆಯ ಬಗ್ಗೆ ಯಾರೋ ಮತ್ತೆ ಕೇಳುತ್ತಾರೆ. ಅದಕ್ಕೂ ಮೊದಲು ಅನುವಾದ ಮಾಡಿದ್ದು ಯಾರೆಂದು ಕೇಳುತ್ತಾರೆ. ಕೆಲಸ ಹೋಗುತ್ತದೆ. ಹೇಳದಿದ್ದರೆ ಒಂದು ಹೆಬ್ಬಟ್ಟು, ಮಧ್ಯಾಹ್ನ ಎರಡು ಗಂಟೆಗೆ ವಾಪಸು ಬಸ್ಸು.

ಸಾವಂತ್ರಮ್ಮ ಬಾಗಿಲಲ್ಲೇ ನಿಂತಿದ್ದಳು. ಕೆಸರು ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆದಿದ್ದಳು. ಲಕೋಟೆ ನೋಡಿ ಅವಳ ಮುಖ ಬಿಗಿಯಿತು. ಬಂದವಳ ಹಿಂದೆ ಓಣಿಯನ್ನು ಒಮ್ಮೆ ನೋಡಿದಳು. ಖಾಕಿ ಇಲ್ಲವೆಂದು ಖಾತ್ರಿಯಾದ ಮೇಲೆ, ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದಳು. ಊಟ ಮಾಡಿದ್ದೀರಾ ಎಂದು ಕೇಳಿದಳು. ಆಗಿದೆ ಎಂದು ಅಂಜನಾ ಸುಳ್ಳು ಹೇಳಿದಳು. ಸಾವಂತ್ರಮ್ಮ ನಂಬಲಿಲ್ಲ. ಮಂಡಕ್ಕಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು ತಾಟಿನಲ್ಲಿ ತಂದಿಟ್ಟಳು. ಸರಕಾರದ ಮಾತು ಆಮೇಲೆ, ಮೊದಲು ತಿನ್ನು ಎಂದಳು. ಬಹುವಚನ ಯಾವಾಗ ಬಿದ್ದುಹೋಯಿತೋ ತಿಳಿಯಲಿಲ್ಲ. ಅಂಜನಾ ತಿಂದಳು. ಎರಡು ವರ್ಷದಲ್ಲಿ ಯಾರೂ ಎದುರಿಗೆ ಕೂತು ಅವಳು ತಿನ್ನುವುದನ್ನು ನೋಡಿರಲಿಲ್ಲ. ಖಾರವೆಂದು ನೆವ ಹೇಳಿ ನೀರು ಕೇಳಿದಳು.

ಗೋಡೆಯ ಮೇಲೆ ಹುಡುಗನ ಫೋಟೋ ಇತ್ತು. ನಗುತ್ತಿದ್ದ. ಕೈಕಟ್ಟಿ ನಿಂತಿದ್ದ, ಬೆರಳುಗಳು ನೀಲಿಯಾಗಿದ್ದವು.

"ತೊಳದ್ರೂ ಹೋಗ್ತಿದ್ದಿಲ್ಲ ಆ ಬಣ್ಣ" ಎಂದಳು ಸಾವಂತ್ರಮ್ಮ. "ಮಣಿಕಟ್ಟಿನ ಮಟ. ಅದರ ಮ್ಯಾಲ ಇರ್ತಿದ್ದಿಲ್ಲ. ಬೆನ್ನಿಗೆ ಹೆಂಗ ಹತ್ತೀತವ್ವ? ಅದನ್ನ ಕೇಳಿದ್ದೆ ನಾನು. ಅದಕ್ಕೇನಾರ ಬರದಾರೇನು?"

ಓದುತ್ತೇನೆ ಎಂದಳು ಅಂಜನಾ.

ಓದಿದಳು. ಇಂಗ್ಲಿಷ್ ಸಾಲಿನ ಮೇಲೆ ಕಣ್ಣು, ಬಾಯಲ್ಲಿ ಕನ್ನಡ. ಕ್ಯಾಮೆರಾ ದಾಟಿತು, ಪತ್ರದ ಪ್ರತಿ ದಾಟಿತು. ಕಲೆಗಳ ಸಾಲನ್ನು ಬೇಗ ಬೇಗ ಓದಿದಳು. ಸಾವಂತ್ರಮ್ಮ ತಲೆ ಅಲ್ಲಾಡಿಸಲಿಲ್ಲ, ಅಳಲಿಲ್ಲ, ಗದ್ದ ಮೊಣಕಾಲಿಗೆ ಊರಿ ಕೇಳುತ್ತಿದ್ದಳು. ಆಮೇಲೆ ಆ ಸಾಲು ಬಂತು. ತಾಯಿಯೇ ಹೇಳಿರುವಂತೆ ಮೃತನು... ಅಂಜನಾ ಓದು ನಿಲ್ಲಿಸಿದಳು. ಈಗ ಹೇಳಬೇಕು. ಅನ್‌ಸೌಂಡ್ ಮೈಂಡ್ ಎಂಬುದಕ್ಕೆ ಕನ್ನಡ ಹುಡುಕುತ್ತಾ ಅವಳ ನಾಲಗೆ, ಹೇಡಿ ನಾಲಗೆ, ತನಗೆ ಗೊತ್ತಿದ್ದ ಒಂದೇ ಮೆತ್ತನೆಯ ಮಾತಿಗೆ ಹೋಗಿ ಕೂತಿತು.

"ನಮ್ಮ ಹುಡುಗ ಎರ್ರಿ" ಎಂದು ಓದಿದಳು.

ಸಾವಂತ್ರಮ್ಮ ತಲೆ ಎತ್ತಿದಳು. ಮುಖದ ಬಿಗಿ ಬಿಟ್ಟಿತ್ತು. "ಎರ್ರಿ ಅಂತ ಬರದಾರೇನು?" ಎಂದಳು. "ನಾ ಹೇಳಿದ್ದು ಹಂಗ. ಅಲ್ಲೆಲ್ಲಾರೂ ಹೊನ್ನೂರಸ್ವಾಮಿ, ಹೊನ್ನೂರಸ್ವಾಮಿ ಅಂತಿದ್ರು. ಯಾರದೋ ಮಗನ ಸುದ್ದಿ ಹೇಳಿದಂಗ ಆಕ್ಕಿತ್ತು ನನಗ. ನಮ್ಮ ಹುಡುಗ ಎರ್ರಿ ಅಂತ ನಾನ ಬಾಯಿಬಿಟ್ಟು ಹೇಳಿದ್ದೆ. ಬರದಾರ ನೋಡು."

ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇಡೀ ಸರಕಾರದಲ್ಲಿ ಯಾರೋ ಒಬ್ಬರು ತನ್ನ ಮಾತು ಕೇಳಿಸಿಕೊಂಡಿದ್ದಾರೆ ಎಂದು ನಂಬಿದ ಮುಖ ಅದು. ಅಂಜನಾಗೆ ಅದನ್ನು ನೋಡಲಾಗಲಿಲ್ಲ. ಬೇರೆ ಕಡೆ ನೋಡಲೂ ಆಗಲಿಲ್ಲ.

ಅಂಜನಾ ತಂದಿದ್ದ ಮಸಿಯ ಡಬ್ಬಿಯನ್ನು ಸಾವಂತ್ರಮ್ಮನೇ ಎಳೆದುಕೊಂಡಳು. ಹೆಬ್ಬೆರಳಿಗೆ ನೀಲಿ ಮಸಿ ಹಚ್ಚಿ, ಅವನ ಕೈಯೂ ಹೀಗೇ ಇರುತ್ತಿತ್ತು ಎಂದು ಒಂದು ಗಳಿಗೆ ನೋಡಿಕೊಂಡಳು. ಎಲ್ಲಿ ಒತ್ತಬೇಕೆಂದು ಕೇಳಿದಳು. ಅಂಜನಾ ಜಾಗ ತೋರಿಸಿದಳು. ಬೆರಳು ಹಾಳೆಯ ಹತ್ತಿರ ಬಂದು ನಿಂತಿತು.

ತಡಿ, ಎಂದಳು ಸಾವಂತ್ರಮ್ಮ. ಈ ಹಾಳೆಯನ್ನು ನೀನು ಒಯ್ದುಬಿಡುತ್ತೀ. ಅವನ ಹೆಸರು ಎಲ್ಲಿದೆ ತೋರಿಸು. ಅಂಜನಾ ಬೆರಳನ್ನು ಆ ಎರಡು ಇಂಗ್ಲಿಷ್ ಪದಗಳ ಕೆಳಗೆ ಇಟ್ಟಳು. ಸಾವಂತ್ರಮ್ಮ ಬಗ್ಗಿ, ಮಸಿ ತಾಗದ ಎಡಗೈಯಿಂದ ಅವುಗಳನ್ನು ಮೆಲ್ಲಗೆ ಸವರಿದಳು. ಕೂಸಿನ ಗಲ್ಲ ಸವರಿದ ಹಾಗೆ.

"ಗ್ವಾಡಿ ಮ್ಯಾಲ ಬರದು ಕೊಡು. ಸರಕಾರದೋರು ಹೆಂಗ ಬರದಾರ, ಹಂಗ. ಫೋಟೋದ ಕೆಳಗ ಇರ್ಲಿ."

ಒಲೆಯ ಪಕ್ಕದಿಂದ ಒಂದು ಇದ್ದಲಿ ತಂದು ಅಂಜನಾಳ ಕೈಗಿಟ್ಟಳು. ಸುಣ್ಣ ಬಳಿದ ಗೋಡೆ. ಅಂಜನಾ ಫೋಟೋದ ಕೆಳಗೆ, ಒಂದನೇ ಇಯತ್ತೆಯ ಹುಡುಗಿಯಂತೆ ನಿಧಾನವಾಗಿ, ಕನ್ನಡದಲ್ಲಿ ಎರ್ರಿ ಎಂದು ಬರೆದಳು. ಹನ್ನೊಂದು ವರ್ಷದಲ್ಲಿ ಅವಳು ತಪ್ಪಿಲ್ಲದೆ ಬರೆದದ್ದು ಇದೊಂದೇ ಎನ್ನಿಸಿ ಎದೆ ಹಗುರಾಯಿತು.

ಸಾವಂತ್ರಮ್ಮ ಗೋಡೆ ನೋಡಿದಳು. ಹಾಳೆ ನೋಡಿದಳು. ಮತ್ತೆ ಗೋಡೆ ನೋಡಿದಳು. ಅಕ್ಷರ ಬಾರದವಳು, ಸಸಿಯನ್ನೂ ಕಳೆಯನ್ನೂ ಬೇರ್ಪಡಿಸುವ ಕಣ್ಣಿನಲ್ಲಿ ಎರಡನ್ನೂ ಹೋಲಿಸಿದಳು.

"ಅವರದು ಉದ್ದ ಐತಿ" ಎಂದಳು. "ನಿಂದು ಗಿಡ್ಡ ಐತಿ."

ಅದು ಇಂಗ್ಲಿಷ್, ಅಮ್ಮ, ಎಂದಳು ಅಂಜನಾ.

"ಇರ್ಲಿ. ಎರಡೂ ಒಂದ ಏನವ್ವ?"

ಊರ ಮುಂದೆ ಎರಡು ಗಂಟೆಯ ಬಸ್ಸು ಹಾರ್ನ್ ಮಾಡಿತು. ಸಾವಂತ್ರಮ್ಮ ಅವಸರ ಮಾಡಲಿಲ್ಲ. ಮಸಿ ಸೀರೆಗೆ ತಾಗದಂತೆ ನೀಲಿ ಹೆಬ್ಬೆರಳನ್ನು ಮೈಯಿಂದ ದೂರ, ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಅಂಜನಾಳ ಬಾಯನ್ನೇ ನೋಡುತ್ತಾ ಕೂತಿದ್ದಳು. ಬೆರಳಿನ ಗೆರೆಗಳಲ್ಲಿ ಮಸಿ ಒಣಗತೊಡಗಿತ್ತು.